ಮರಳಿ ಬಂದವರ ಪಟ್ಟಿ

ವಚನ ಅಧ್ಯಯನ ಶಿಬಿರ, ಶಿರಾ
4-2-2025

ಶಿವರಂಜನಿ,

ಅಕ್ಕನ ಆಶೀರ್ವಾದ. ಇಲ್ಲಿಗೆ ಬಂದು ಮೂರು ದಿನವಾಯಿತು. ಬಾಗಿಲಲ್ಲೇ ಎಲ್ಲರ ಫೋನು ಇಸಿದುಕೊಂಡು ಚೀಲಕ್ಕೆ ಹಾಕಿ ಹೆಸರು ಬರೆದಿಟ್ಟರು. ಇಪ್ಪತ್ತೊಂದು ದಿನ ಓದು ಬಿಟ್ಟರೆ ಬೇರೇನೂ ಇಲ್ಲ, ಮನೆಯ ನೆನಪಾದರೆ ಕಾಗದ ಬರೆಯಿರಿ ಅಂದರು. ನಾನು ಕಾಗದ ಬರೆದು ಯಾವ ಕಾಲವಾಯಿತೋ. ಅಕ್ಷರ ಸೊಟ್ಟಗಿದ್ದರೆ ನಗಬೇಡ.

ಐವತ್ತಾರು ವರ್ಷದವಳಿಗೆ ವಿದ್ಯಾರ್ಥಿವೇತನ ಕೊಡಿಸಿದ ಪುಣ್ಯಾತ್ಗಿತ್ತಿ ನೀನು. ಆನ್‌ಲೈನ್ ಅರ್ಜಿ ನನ್ನ ಕೈಲಾಗುವ ಕೆಲಸವಾಗಿರಲಿಲ್ಲ, ಎಲ್ಲ ನೀನೇ ತುಂಬಿದೆ. ಹೊರಡುವಾಗ ನಿನ್ನ ಭಾವ ಮಿಲ್ಲಿನ ಬಾಗಿಲಲ್ಲಿ ನಿಂತು, ಮೈಯೆಲ್ಲ ರಾಗಿ ಹಿಟ್ಟು ಮಾಡಿಕೊಂಡು, "ಯೂನಿಫಾರಮ್ಮೂ ಅವರೇ ಕೊಡ್ತಾರೇನೆ?" ಎಂದು ಕೇಳಿದರು. ಮಧುಗಿರಿ ಬಸ್ ಸ್ಟ್ಯಾಂಡಿನವರೆಗೂ ನಗುತ್ತಲೇ ಬಂದೆ.

ಪಾಠ ಹೇಳುವವರು ಚನ್ನಮಲ್ಲಯ್ಯ ಅಂತ, ರಿಟೈರ್ಡ್ ಕನ್ನಡ ಮೇಷ್ಟ್ರು. ಒಂದು ಬೆಳಿಗ್ಗೆಗೆ ಒಂದೇ ವಚನ. ನಿನ್ನೆ ಬಂದದ್ದು, ನಾನು ಎಂಟು ವರ್ಷದವಳಿದ್ದಾಗಿನಿಂದ ದಿನಾ ಪೂಜೆಯಲ್ಲಿ ಹೇಳುತ್ತಿರುವ ವಚನ. "ಇದ್ರಲ್ಲಿ ಯಾರು ಯಾರ ಜೊತೆ ಮಾತಾಡ್ತಾ ಅವ್ರೆ, ಹೇಳ್ರಮ್ಮ" ಅಂದರು. ನನಗೆ ಗೊತ್ತಿರಲಿಲ್ಲ. ನಲವತ್ತೆಂಟು ವರ್ಷ ಗಿಳಿಪಾಠ ಒಪ್ಪಿಸಿದ್ದೇನೆ. ಅವರು ಬಿಡಿಸಿ ಹೇಳಿದಾಗ ನಾಚಿಕೆಯೂ ಆಯಿತು, ಅಳುವೂ ಬಂತು. ಪೂರ್ತಿ ಇಪ್ಪತ್ತೊಂದು ದಿನ ಕೂತವರಿಗೆ ಊರಿಗೆ ಹೋಗಿ ಹೆಂಗಸರಿಗೆ ಪಾಠ ಹೇಳಲು ಒಪ್ಪಿಗೆಪತ್ರ ಕೊಡುತ್ತಾರಂತೆ. ನನಗೆ ಅದೊಂದು ಬೇಕು ಕಣೆ. ಏಳನೇ ಕ್ಲಾಸಿಗೆ ನನ್ನ ಓದು ಬಿಡಿಸಿದ ಮೇಲೆ ನನಗೇ ಅಂತ ಏನನ್ನೂ ಕೇಳಿದವಳಲ್ಲ ನಾನು.

ಇನ್ನು ಉಳಿದದ್ದು ಹೇಳಿದರೆ ನಿನಗೂ ಅಸಹ್ಯವಾದೀತು. ಹಣ ಕಟ್ಟಿ ಬಂದವರಿಗೆ ಹಸಿರು ಬ್ಯಾಡ್ಜು, ನಮ್ಮಂಥ ವಿದ್ಯಾರ್ಥಿವೇತನದವರಿಗೆ ಹಳದಿ. ಹಸಿರಿನವರಿಗೆ ರೂಮು, ಹಳದಿಯವರಿಗೆ ಹಾಲ್‌ನಲ್ಲಿ ನೆಲದ ಮೇಲೆ ಜಮಖಾನೆ. ಊಟಕ್ಕೂ ಅವರದೇ ಮೊದಲ ಪಂಕ್ತಿ. ನಿನ್ನೆ ಹೋಳಿಗೆ. ಅರ್ಧ ತಿಂದು, ತುಪ್ಪದಲ್ಲಿ ಕೈ ಆಡಿಸಿ, ಎಲೆ ಹಾಗೇ ಬಿಟ್ಟೆದ್ದರು. ಆ ಎಂಜಲೆಲೆ ಎತ್ತಿದ್ದು ನಾವು ಹಳದಿಯವರು. ಇದಕ್ಕೆ ಸೇವೆ ಅಂತ ಹೆಸರು. ಇವತ್ತು ಬೆಳಿಗ್ಗೆಯ ಪಾಠ ಯಾವುದು ಗೊತ್ತಾ? ಎಲ್ಲರೂ ಒಟ್ಟಿಗೆ ಕೂತು ಉಣ್ಣಬೇಕು ಅನ್ನುವುದು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಬಾಗಿಲಲ್ಲಿ ದಾನಿಗಳ ಫ್ಲೆಕ್ಸು ಬೇರೆ, ಒಬ್ಬೊಬ್ಬರ ಮುಖ ನಮ್ಮ ಮಿಲ್ಲಿನ ಬಾಗಿಲಷ್ಟು ಅಗಲ.

ಇನ್ನೊಂದು ವಿಷಯ ನನಗೆ ತಿಳಿಯಲಿಲ್ಲ. ಹಸಿರು ಬ್ಯಾಡ್ಜಿನ ಒಬ್ಬಾಕೆ ನನ್ನ ಬೆನ್ನು ಸವರಿ, "ಹೋಗ್ಲಿ ಬುಡಮ್ಮ, ಬಂದ್ಬುಟ್ಟೆಯಲ್ಲ, ಅಷ್ಟು ಸಾಕು" ಅಂದಳು. ನಾನು ಎಲ್ಲಿಗೆ ಹೋಗಿದ್ದೆ?

ನಿನ್ನ ಅಕ್ಕ,
ನಾಗರತ್ನಮ್ಮ


ಪಾವಗಡ
7-2-2025

ಪ್ರೀತಿಯ ಅಕ್ಕನಿಗೆ,

ನಿನ್ನ ಕಾಗದ ಕೈಗೆ ಬಂದಾಗ ಮದುವೆಗೆ ಮುಂಚಿನ ದಿನ ನೆನಪಾಯಿತು. ಅಕ್ಷರ ಒಂದಿಷ್ಟೂ ಸೊಟ್ಟಗಿಲ್ಲ. ನೀನು ವಚನ ಓದಿ ಅತ್ತದ್ದನ್ನು ಎರಡು ಸಲ ಓದಿದೆ. ನಮ್ಮತ್ತೆಗೆ ಹೇಳಿದರೆ, "ಮೀ ಅಕ್ಕ ಇಂಕಾ ಚದುವುತುಂದಾ?" ಎಂದು ತೆಲುಗಿನಲ್ಲಿ ನಕ್ಕರು, ಈ ವಯಸ್ಸಿನಲ್ಲೂ ಓದುತ್ತಾಳಾ ಅಂತ. ಓದುತ್ತಾಳೆ, ನಿಮಗೂ ಪಾಠ ಹೇಳಲು ಬರುತ್ತಾಳೆ ಅಂದೆ.

ಭವ್ಯಳ ಪಿಯುಸಿ ಪರೀಕ್ಷೆ ಹತ್ತಿರ ಬಂತು. ತಿರುಮಣಿಯ ಜಮೀನು ಸೋಲಾರ್ ಪಾರ್ಕಿಗೆ ಗುತ್ತಿಗೆ ಹೋದ ಮೇಲೆ ನಮ್ಮ ಮನೆಯವರಿಗೆ ಹೊಲದ ಕೆಲಸ ಇಲ್ಲವಲ್ಲ, ಈಗ ಹೊತ್ತೆಲ್ಲ ನಿಮ್ಮ ಶಿಬಿರ ನಡೆಸುವ ಟ್ರಸ್ಟಿನ ಓಡಾಟವೇ. ಸಮಿತಿಗೆ ಸೇರಿಸಿಕೊಂಡಿದ್ದಾರೆ. ಹದಿನಾರನೇ ತಾರೀಖು ಅಲ್ಲಿ ಸಮಾರಂಭವಂತೆ, ಅವರೂ ವೇದಿಕೆಯ ಮೇಲಿರುತ್ತಾರೆ. ನಿನ್ನನ್ನೂ ಕರೆಯಬಹುದು. ಆ ಹಸಿರು ರೇಷ್ಮೆ ಸೀರೆ ಉಟ್ಟುಕೋ. ಅವರು ಏನು ಮಾಡು ಅನ್ನುತ್ತಾರೋ ಮಾಡಿಬಿಡು ಅಕ್ಕ. ಎರಡು ನಿಮಿಷದ ಶಾಸ್ತ್ರ. ನಿನ್ನ ಬಾಯಿ ನನಗೆ ಗೊತ್ತು, ಅದಕ್ಕೇ ಹೇಳುತ್ತಿದ್ದೇನೆ.

ಆಕೆ ಬೆನ್ನು ಸವರಿದ್ದಕ್ಕೆ ಅಷ್ಟು ಯೋಚಿಸಬೇಡ. ದೊಡ್ಡ ಜನಕ್ಕೆ ಯಾರನ್ನಾದರೂ ಸಮಾಧಾನ ಮಾಡುವ ಚಪಲ ಇರುತ್ತದೆ. ಎಲೆ ಎತ್ತಿಸಿದ್ದು ಓದಿ ನನಗೂ ಬೇಜಾರಾಯಿತು. ನೀನು ಪಾಠದ ಮೇಲೆ ಗಮನವಿಡು. ಮೇಷ್ಟ್ರು ಹೇಳಿದ್ದನ್ನೆಲ್ಲ ನನಗೂ ಬರೆ, ಬಿಡದೆ ಬರೆ.

ನಿನ್ನ ರಂಜನಿ


ಶಿಬಿರ, ಶಿರಾ
10-2-2025

ಶಿವರಂಜನಿ,

ಮೈಯೆಲ್ಲ ಉರಿಯುತ್ತಿದೆ. ನಿಧಾನವಾಗಿ ಬರೆಯಲು ನೋಡುತ್ತೇನೆ.

ಬೆಳಿಗ್ಗೆ ನೋಟಿಸ್ ಬೋರ್ಡಿನಲ್ಲಿ ಹದಿನಾರರ ಕಾರ್ಯಕ್ರಮ ಅಂಟಿಸಿದ್ದರು. "ಮರಳಿ ಬಂದವರಿಗೆ ಪುನರ್ ದೀಕ್ಷೆ" ಅಂತ ಒಂದು ಪಟ್ಟಿ. ಲಿಂಗ ಬಿಟ್ಟು ಹೋಗಿದ್ದವರು ಮತ್ತೆ ಕಟ್ಟಿಸಿಕೊಳ್ಳುವುದಂತೆ. ಮೂರು ಹೆಸರು, ಮೊದಲನೆಯದು ನನ್ನದು. ನಾಗರತ್ನಮ್ಮ, ಮಧುಗಿರಿ.

ಆಫೀಸಿಗೆ ಹೋದೆ. ಅಲ್ಲಿನ ಪ್ರಸನ್ನ ಕುಮಾರ್ ಎಂಬಾತ ನನ್ನ ಅರ್ಜಿಯ ಪ್ರಿಂಟು ತೆಗೆದು ತೋರಿಸಿದ. ನನ್ನ ಹೆಸರಿನ ಕೆಳಗೆ ಐದು ಸಾಲು. ಅದನ್ನು ಹಾಗೇ ಇಳಿಸುತ್ತೇನೆ, ನೀನೇ ಓದು:

"ಹನ್ನೊಂದು ವರ್ಷದ ಹಿಂದೆ ಇಷ್ಟಲಿಂಗ ಬಿಚ್ಚಿದೆ. ಕತ್ತಿನಲ್ಲಿರುವುದು ಖಾಲಿ ಕರಡಿಗೆ. ಮನೆಯವರಿಗೆ ಯಾರಿಗೂ ಗೊತ್ತಿಲ್ಲ. ದಿನಾ ಸ್ನಾನವಾದ ಮೇಲೆ ಬಾಗಿಲು ಹಾಕಿಕೊಂಡು ಪೂಜೆ ಮಾಡುವವಳ ಹಾಗೆ ಕೂತೆದ್ದು ಬರುತ್ತೇನೆ. ಮತ್ತೆ ಕಟ್ಟಿಕೊಳ್ಳಬೇಕು ಅನಿಸುತ್ತದೆ, ಭಯವಾಗುತ್ತದೆ."

ಥೂ! ಇದನ್ನು ಬರೆದ ಕೈಗೆ ಹುಳ ಬೀಳಲಿ. ಖಾಲಿ ಕರಡಿಗೆ ಅಂತೆ! ಒಳಗೆ ಲಿಂಗವಿಲ್ಲದ ಬೆಳ್ಳಿ ಡಬ್ಬಿ ಕಟ್ಟಿಕೊಂಡು ಗಂಡನಿಗೂ ಅತ್ತೆಗೂ ಟೋಪಿ ಹಾಕುವ ಹೆಂಗಸು! ಕಟ್ಟುಕಥೆಯೇ ಆದರೂ ಇಂಥ ಹೊಲಸು ಹೊಳೆಯುವುದಕ್ಕೆ ಎಂಥ ಮನಸ್ಸು ಇರಬೇಕು? ಬಿಟ್ಟೆ ಎಂದು ನೇರವಾಗಿ ಹೇಳುವವರನ್ನಾದರೂ ಸಹಿಸಬಹುದು. ಬಾಗಿಲು ಹಾಕಿಕೊಂಡು ನಾಟಕವಾಡುವವಳನ್ನು ನೆನೆಸಿಕೊಂಡರೇ ನನಗೆ ವಾಕರಿಕೆ ಬರುತ್ತದೆ. ಆ ಹೇಸಿಗೆಯನ್ನು ನನ್ನ ಹೆಸರಿಗೆ ಮೆತ್ತಿದ್ದಾರೆ. ಎಂಟು ವರ್ಷಕ್ಕೆ ಅಜ್ಜಿ ಕಟ್ಟಿಸಿದ ಲಿಂಗ, ಜ್ವರವಿರಲಿ ಹೆರಿಗೆಯಿರಲಿ ಒಂದು ದಿನ ಮೈಯಿಂದ ಅಗಲಿಸಿದವಳಲ್ಲ ನಾನು.

ಇದು ನಿನ್ನ ಗಂಡನ ಕೆಲಸ. ಮರಳಿ ಬಂದವರನ್ನು ಕರೆತಂದ ಸಮಿತಿಯವರಿಗೆ ವೇದಿಕೆಯ ಮೇಲೆ ಕುರ್ಚಿಯಂತೆ, ಪ್ರಸನ್ನ ಕುಮಾರನೇ ಬಾಯಿಬಿಟ್ಟ. ಕುರ್ಚಿಗಾಗಿ ಹೆಂಡತಿಯ ಅಕ್ಕನನ್ನು ಮಾರಿದ ಮಹಾನುಭಾವ.

ಟ್ರಸ್ಟಿನ ಅಧ್ಯಕ್ಷರು ರೇಣುಕಯ್ಯ ಅಂತ. ಅವರ ಮುಂದೆಯೂ ನಿಂತೆ. ತಾಂಬೂಲ ಅಗಿಯುತ್ತಾ ಅಂದರು: "ಸುಳ್ಳು ಅಂತೀರಾ? ಇವತ್ತೇ ಗಂಟುಮೂಟೆ ಕಟ್ಟಿ. ನಿಜ ಅಂತೀರಾ? ಹದಿನಾರಕ್ಕೆ ವೇದಿಕೆ ಹತ್ತಿ, ಹಳೇದೇನಾದ್ರೂ ಇದ್ರೆ ತಟ್ಟೆಗಿಟ್ಟು ಹೊಸದು ಕಟ್ಟಿಸ್ಕೊಳ್ಳಿ. ಯೋಚ್ನೆ ಮಾಡಿ ಕಣಮ್ಮ." ಅಜ್ಜಿಯ ಲಿಂಗ ತಟ್ಟೆಗಿಡಬೇಕಂತೆ, ಫೋಟೋ ಹಿಡಿಯಲು! ನಾನು ಏನೂ ಹೇಳದೆ ಬಂದೆ. ಹೇಳಿದ್ದರೆ ನಾಳೆಯ ಪಾಠ ತಪ್ಪುತ್ತಿತ್ತು. ಆ ಆಸೆಗೆ ಸುಮ್ಮನಾದೆನಲ್ಲ, ಅದಕ್ಕೆ ನನ್ನ ಮೇಲೂ ನನಗೆ ಹೇಸಿಗೆಯಾಗಿದೆ.

ನಿಜ ಬರೆ. ಇದು ನಿನಗೆ ಗೊತ್ತಿತ್ತಾ?

ನಾಗರತ್ನ


ಪಾವಗಡ
13-2-2025

ಅಕ್ಕಾ,

ಅವರನ್ನು ಬೈಯಬೇಡ. ಬರೆದವಳು ನಾನು.

ಸಾಮಾನ್ಯ ಸದಸ್ಯರಿಗೆಂದು ಇದ್ದ ವಿದ್ಯಾರ್ಥಿವೇತನವೆಲ್ಲ ಸಮಿತಿಯವರ ತಂಗಿ, ನಾದಿನಿ, ಬೀಗಿತ್ತಿಯರಿಗೆ ಹೋಗಿತ್ತು. ಉಳಿದದ್ದು "ಮರಳಿ ಬಂದವರು" ಅನ್ನುವ ಕಾಲಂ ಒಂದೇ. ಅದನ್ನು ಒತ್ತಿದರೆ ಯಾಕೆ ಬಿಟ್ಟಿರಿ, ಈಗ ಏನನಿಸುತ್ತದೆ, ಐದು ಸಾಲಿನಲ್ಲಿ ಬರೆಯಿರಿ ಎಂದು ಕೇಳಿತು. ಬರೆದೆ. ಯಾರೂ ಓದುವುದಿಲ್ಲ ಅಂದುಕೊಂಡಿದ್ದೆ. ನಿನಗೆ ಮೊದಲೇ ಹೇಳಬೇಕಿತ್ತು. ಹೇಳಿದ್ದರೆ ನೀನು ಹೋಗುತ್ತಿರಲಿಲ್ಲ.

ತಪ್ಪು ನನ್ನದು, ಒಪ್ಪಿದೆ. ಆದರೂ ಒಂದು ಮಾತು ಕೇಳುತ್ತೇನೆ, ಕಾಲಿಗೆ ಬಿದ್ದೆ ಅಂದುಕೋ. ಹದಿನಾರಕ್ಕೆ ವೇದಿಕೆ ಹತ್ತಿಬಿಡು. ನಿನ್ನ ಲಿಂಗ ಕೊಡಬೇಡ, ರವಿಕೆಯೊಳಗೆ ಭದ್ರವಾಗಿರಲಿ. ಹಳೆಯದು ಕಳೆದಿದೆ ಅಂದರೆ ಸಾಕು. ದೀಕ್ಷೆ ಕೊಡುವ ಗುರುಗಳು ಆ ಐದು ಸಾಲು ಓದುತ್ತಾರೆ, ಆಮೇಲೆ ನಿನ್ನ ತಲೆಯ ಮೇಲೆ ಕೈಯಿಟ್ಟು "ಬಾ" ಅನ್ನುತ್ತಾರಂತೆ. ಆ "ಬಾ" ಅನ್ನಿಸಿಕೊಂಡು ಇಳಿದು ಬಾ. ನಿನ್ನ ಪಾಠವೂ ಉಳಿಯುತ್ತದೆ. ಯಾರೋ ಇನ್ನೊಬ್ಬಳ ಪರವಾಗಿ ನಿಂತಿದ್ದೇನೆ ಅಂದುಕೋ.

ಆ ಹೆಂಗಸಿನ ಮೇಲೆ ಅಷ್ಟು ಕೋಪ ಯಾಕಕ್ಕ? ಕಟ್ಟುಕಥೆಯವಳು ತಾನೆ.

ರಂಜನಿ


ಮಧುಗಿರಿ
17-2-2025

ಶಿವರಂಜನಿಗೆ,

ಮನೆಗೆ ಬಂದಿದ್ದೇನೆ. ನಿನ್ನ ಫೋನು ಬೆಳಿಗ್ಗೆಯಿಂದ ಬಡಿದುಕೊಳ್ಳುತ್ತಿದೆ. ನಾನು ಎತ್ತುವುದಿಲ್ಲ. ನಡೆದದ್ದನ್ನು ಒಮ್ಮೆ ಬರೆದು ಮುಗಿಸುತ್ತೇನೆ.

ನಿನ್ನೆ ವೇದಿಕೆಯ ಕೆಳಗೆ ಹತ್ತಿರ ಹತ್ತಿರ ಐನೂರು ಜನ. ನಾನು ಹತ್ತಿದ್ದು ನಿಜ. ಕೊನೆಯ ಮೆಟ್ಟಿಲವರೆಗೂ ನಿನ್ನ ಮಾತಿನಂತೆ ತೆಪ್ಪಗೆ ನಿಂತು ಬರುವ ಮನಸ್ಸೇ ಇತ್ತು. ಆ ಒಪ್ಪಿಗೆಪತ್ರದ ಆಸೆ ಅಷ್ಟಿತ್ತು. ತಟ್ಟೆ ಹಿಡಿದು ನಿಂತವನು ನಿನ್ನ ಗಂಡ. ಫೋಟೋದವನು "ಅಮ್ಮಾ, ಸ್ವಲ್ಪ ಅಳೋ ಥರ ಇರಿ" ಅಂದ. ಗುರುಗಳು ಮೈಕಿನಲ್ಲಿ ಐದು ಸಾಲು ಓದಿದರು. ಖಾಲಿ ಕರಡಿಗೆ ಅನ್ನುವಾಗ ಹೆಂಗಸರೆಲ್ಲ ಲೊಚಗುಟ್ಟಿದರು. ಆ ಸದ್ದಿಗೆ ನನಗೆ ಮೈಮೇಲೆ ಜಿರಲೆ ಹರಿದಂತಾಯಿತು. ಮೈಕು ಎಳೆದುಕೊಂಡೆ.

"ಈ ಕಾಗದದಾಗಿರೋಳು ನಾನಲ್ಲ" ಅಂದೆ. "ಎಂಟು ವರ್ಷದೋಳಿದ್ದಾಗ ಕಟ್ಕೊಂಡಿದ್ದು, ಇಗೋ ಇನ್ನೂ ಎದೆ ಮೇಲೈತೆ. ಖಾಲಿ ಕರಡಿಗೆ ಕಟ್ಕೊಂಡು ಮನೆಯೋರಿಗೆಲ್ಲ ಮೋಸ ಮಾಡೋ ಹೆಂಗ್ಸು ಅಲ್ಲ ಕಣ್ರಪ್ಪ ನಾನು. ಅಂಥೋಳು ಎದುರಿಗೆ ಬಂದ್ರೆ ಮುಖಕ್ಕೆ ಉಗೀತೀನಿ."

ಚಪ್ಪಾಳೆ ಬಿತ್ತು. ಇಡೀ ಪೆಂಡಾಲು ಎದ್ದು ತಟ್ಟಿತು.

ರೇಣುಕಯ್ಯನವರು ಮೈಕು ಕಿತ್ತುಕೊಂಡು, ಸುಳ್ಳು ಅರ್ಜಿ ಹಾಕಿ ಟ್ರಸ್ಟಿಗೆ ಮೋಸ ಮಾಡಿದ ಹೆಂಗಸು ಎಂದು ಘೋಷಿಸಿದರು. ಯಾರೂ ಏನೂ ಕೇಳುವ ಮೊದಲೇ ನಿನ್ನ ಗಂಡ, "ನಂಗೇನೂ ಗೊತ್ತಿಲ್ಲ ಸಾರ್, ಅವ್ರೇ ಬರ್ಕೊಂಡಿರ್ಬೇಕು" ಅಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅರ್ಧ ಗಂಟೆಯಲ್ಲಿ ನನ್ನ ಫೋನು, ಚೀಲ ಕೈಗೆ ಕೊಟ್ಟು ಗೇಟಿನ ಹೊರಗೆ ಬಿಟ್ಟರು. ಇನ್ನೂ ಆರು ಪಾಠ ಉಳಿದಿತ್ತು.

ಗೇಟಿಗೆ ಬಂದವರು ಚನ್ನಮಲ್ಲಯ್ಯ ಮೇಷ್ಟ್ರು ಒಬ್ಬರೇ. "ನಿಮ್ಮ ಲಿಂಗ ನೀವು ಬಿಟ್ಟುಕೊಡ್ಲಿಲ್ಲ, ಒಳ್ಳೇದಾಯ್ತು ಕಣಮ್ಮ" ಅಂದರು. ಆಮೇಲೆ, "ಆದ್ರೆ ಆ ಕಾಗದದ ಹೆಂಗ್ಸು ಎಲ್ಲಾದ್ರೂ ಇದ್ದಿದ್ರೆ, ನಮ್ ಪಾಠಕ್ಕೆ ಮೊದ್ಲು ಬರ್ಬೇಕಾಗಿದ್ದೋಳು ಅವಳೇ" ಅಂದರು. ನನಗೆ ಅವರ ಮೇಲೂ ಸಿಟ್ಟು ಬಂತು. ಇಲ್ಲದವಳ ಮೇಲೆ ಅಷ್ಟು ಕರುಣೆ, ಇರುವವಳು ಗೇಟಿನ ಹೊರಗೆ!

ನಿನ್ನ ಮೇಲೆ ಇಟ್ಟಿದ್ದ ಪ್ರೀತಿಯನ್ನು ನೆನೆಸಿಕೊಂಡರೂ ಈಗ ಅಸಹ್ಯವಾಗುತ್ತದೆ. ನಿನ್ನ ಮನೆಗೆ ಇನ್ನು ನಾನು ಕಾಲಿಡುವುದಿಲ್ಲ.

ನಾಗರತ್ನಮ್ಮ


ಪಾವಗಡ
20-2-2025

ಅಕ್ಕಾ,

ನೀನು ಫೋನು ಎತ್ತಲಿಲ್ಲ, ಒಳ್ಳೆಯದೇ ಆಯಿತು. ಮಾತಾಡಿದ್ದರೆ ನಡುವೆ ಬಾಯಿ ಹಾಕುತ್ತಿದ್ದೆ. ಕಾಗದವನ್ನಾದರೆ ಪೂರ್ತಿ ಓದುತ್ತೀಯ.

ಹದಿನಾರರಂದು ನಾನೂ ಬಂದಿದ್ದೆ. ಎಡಗಡೆ, ಮೂರನೇ ಸಾಲಿನಲ್ಲಿ. ನಿನಗೆ ಕಾಣಲಿಲ್ಲ. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರಲ್ಲ, ಪಕ್ಕದವರು ನೋಡುತ್ತಾರೆಂದು ನಾನೂ ಎದ್ದು ತಟ್ಟಿದೆ.

ಆ ಐದು ಸಾಲು ಸುಳ್ಳಲ್ಲ ಅಕ್ಕ. ಮೇಲಿನ ಹೆಸರು ಮಾತ್ರ ಬೇರೆ. ಅವು ನನ್ನವು.

ಭವ್ಯಳ ನಂತರದ ಬಸಿರಿನಲ್ಲಿ, ಎಂಟನೇ ತಿಂಗಳಿಗೆ, ಹೊಟ್ಟೆಯಲ್ಲಿದ್ದ ಮಗುವಿಗೆಂದು ಗುರುಗಳು ಲಿಂಗ ಕಟ್ಟಿದ್ದರು, ನಿನಗೆ ನೆನಪಿರಬಹುದು. ನನ್ನದೊಂದು, ಅದರದೊಂದು, ಎರಡನ್ನೂ ಧರಿಸಿ ಓಡಾಡಿದ್ದೆ. ಒಂಬತ್ತಕ್ಕೆ ಮಗು ಉಸಿರಿಲ್ಲದೆ ಹುಟ್ಟಿತು. ಅದರ ಲಿಂಗವನ್ನು ಅಂಗೈಯಲ್ಲಿಟ್ಟು ಮಣ್ಣು ಮಾಡಬೇಕಲ್ಲ. ಅಂಗೈ ತೀರ ಚಿಕ್ಕದು, ನಿಲ್ಲಲಿಲ್ಲ, ದಾರದಿಂದ ಕಟ್ಟಿದೆವು ಎಂದು ನಮ್ಮತ್ತೆ ಯಾರಿಗೋ ಹೇಳುತ್ತಿದ್ದರು. ನಾನು ಒಳಗೆ ಮಲಗಿ ಕೇಳಿಸಿಕೊಂಡೆ. ಆಮೇಲೆ ಪೂಜೆಗೆ ಕೂತು ನನ್ನ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡಾಗಲೆಲ್ಲ ನನಗೆ ಕಾಣುತ್ತಿದ್ದದ್ದು ಆ ದಾರ ಕಟ್ಟಿದ ಕೈ. ದೇವರ ಮೇಲೆ ಕೋಪವಿರಲಿಲ್ಲ. ನೋಡಲಾಗಲಿಲ್ಲ, ಅಷ್ಟೆ. ಒಂದು ತಿಂಗಳು ತಡೆದೆ. ನಾಗಲಮಡಿಕೆಗೆ ಹೋದ ದಿನ ಹೊಳೆಗೆ ಬಿಟ್ಟುಬಂದೆ. ಕರಡಿಗೆ ಮಾತ್ರ ಉಳಿಸಿಕೊಂಡೆ, ಮನೆಯವರು ಕೇಳಬಾರದಲ್ಲ.

ನಿನ್ನ ಅರ್ಜಿ ತುಂಬಲು ಕೂತಾಗ ಏನಾದರೊಂದು ಕಥೆ ಕಟ್ಟುವ ಎಂದೇ ಕೂತಿದ್ದೆ. ಯಾಕೆ ಬಿಟ್ಟಿರಿ ಎಂದು ಕೇಳಿತು. ಹನ್ನೊಂದು ವರ್ಷದಲ್ಲಿ ಆ ಪ್ರಶ್ನೆ ಕೇಳಿದ್ದು ಆ ಫಾರಂ ಒಂದೇ. ಕೈ ತಾನೇ ಬರೆಯಿತು. ನಮ್ಮ ಮನೆಯವರಿಗೆ ಓದಿ ತೋರಿಸಿದೆ, ಈಗಲಾದರೂ ನನ್ನ ಮುಖ ನೋಡುತ್ತಾರೇನೋ ಎಂದು. "ಭಲೇ, ಚೆನ್ನಾಗಿ ಕಥೆ ಕಟ್ಟಿದೀಯ" ಅಂದು ಕಳಿಸಿಬಿಟ್ಟರು.

ನಿನಗೆ "ಬಾ" ಅನ್ನುವುದನ್ನು ಕಣ್ಣಾರೆ ನೋಡಿದರೆ ಮುಂದಿನ ವರ್ಷ ನನ್ನ ಹೆಸರಿನಲ್ಲೇ ಅರ್ಜಿ ಹಾಕುವ ಧೈರ್ಯ ಬರುತ್ತದೆ ಅಂದುಕೊಂಡಿದ್ದೆ. ನಿನ್ನ ಓದನ್ನು ಹಾಳುಮಾಡಿದೆ. ಕ್ಷಮಿಸು ಅನ್ನಲು ಬಾಯಿಲ್ಲ.

ರಂಜನಿ


ಮಧುಗಿರಿ
24-2-2025

ರಂಜನಿ,

ಶನಿವಾರ ನಿನ್ನ ಕಾಗದ ಬಂತು. ಆವಾಗಿನಿಂದ ಫೋನು ಮಾಡುತ್ತಲೇ ಇದ್ದೇನೆ, ಸ್ವಿಚ್ಡ್ ಆಫ್ ಅನ್ನುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಸುಳ್ಳು ಹೇಳುವುದಿಲ್ಲ. ಮೊದಲು ಓದಿದಾಗ ಮತ್ತೆ ಕೋಪವೇ ಬಂತು. ಹನ್ನೊಂದು ವರ್ಷ ನನಗೂ ತಿಳಿಸದೆ ಪೂಜೆಯ ನಾಟಕವಾಡಿದಳಲ್ಲ ಎಂದು ಮಿಲ್ಲಿನ ಮುಂದೆ ನಿಂತು ನಿನ್ನ ಭಾವನ ಹತ್ತಿರ ಕೂಗಾಡಿದೆ. ಅವರು ಬೆಲ್ಟು ನಿಲ್ಲಿಸಿ, "ನೀನು ಆವಾಗ ಅವಳತ್ರ ಎಷ್ಟು ದಿನ ಇದ್ದೆ?" ಅಂದರು.

ಮೂರು ದಿನ. ರಾಗಿ ಕೊಯ್ಲಿನ ಕಾಲ, ಮಿಲ್ಲಿಗೆ ಜನ ಬರುತ್ತಾರೆ ಅಂತ ಹೊರಟು ಬಂದೆ. ಬರುವಾಗ ನಿನಗೆ ಏನು ಹೇಳಿದೆ ಎಂಬುದೂ ನೆನಪಿದೆ. "ಆಗಿದ್ದಾಯ್ತು, ಭವ್ಯನ್ನ ನೋಡ್ಕೊ, ಹಿಂಗೆಲ್ಲ ಮಲಗಿರಬೇಡ." ಮಣ್ಣು ಮಾಡಿದ ವಿಚಾರ ನಾನು ಎತ್ತಲೇ ಇಲ್ಲ, ನೀನು ಅತ್ತೀಯ ಎಂದು. ನೀನು ಅಳದೆ ಇದ್ದದ್ದು ನೋಡಿ ಗಟ್ಟಿಗಿತ್ತಿ ಅಂದುಕೊಂಡೆ. ಎಂಥ ಅಕ್ಕ ನಾನು! ರೇಣುಕಯ್ಯನ ತಟ್ಟೆ, ನಿನ್ನ ಗಂಡನ ಕುರ್ಚಿ, ಆ ಎಂಜಲೆಲೆ, ಎಲ್ಲದಕ್ಕೂ ಮೂಗು ಮುಚ್ಚಿಕೊಂಡವಳು. ಈಗ ನನ್ನ ಮೈಯೇ ನನಗೆ ನಾರುತ್ತಿದೆ. ನಿನ್ನ ಮುಖಕ್ಕೆ ಉಗಿಯುತ್ತೇನೆ ಅಂದೆ, ಅದೂ ಮೈಕಿನಲ್ಲಿ, ಅದೂ ನೀನು ಕೇಳುತ್ತಿರುವಾಗ.

ಐನೂರು ಜನರ ಎದುರಿಗೆ ಅಂದದ್ದನ್ನು ಕಾಗದದಲ್ಲಿ ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ. ಬುಧವಾರ ಶಿವರಾತ್ರಿ. ಬೆಳಗಿನ ಬಸ್ಸಿಗೆ ಬರುತ್ತೇನೆ. ನಿನ್ನ ಗಂಡನ ಎದುರಿಗೆ, ಅತ್ತೆಯ ಎದುರಿಗೆ ನಿನ್ನ ಪಕ್ಕದಲ್ಲಿ ಕೂರುತ್ತೇನೆ. ನೀನು ಹೇಳು ಅಂದರೆ ಹೇಳುತ್ತೇನೆ, ಬೇಡ ಅಂದರೆ ಬಾಯಿ ಮುಚ್ಚಿಕೊಂಡಿರುತ್ತೇನೆ. ಲಿಂಗ ಕಟ್ಟಿಕೋ ಎಂದು ಕೇಳಲು ಬರುತ್ತಿಲ್ಲ. ಅದು ನಿನಗೆ ಬಿಟ್ಟದ್ದು, ಈ ವರ್ಷ ಆಗದಿದ್ದರೆ ಬೇಡ, ಯಾವತ್ತೂ ಆಗದಿದ್ದರೂ ಬೇಡ.

ನನಗೆ ಕೇಳಬೇಕಾಗಿರುವುದು ಒಂದೇ. ಅದು ಗಂಡೋ ಹೆಣ್ಣೋ ಅನ್ನುವುದೂ ನನಗೆ ಗೊತ್ತಿಲ್ಲ ರಂಜನಿ. ಮಗುವಿಗೆ ಏನು ಹೆಸರಿಟ್ಟಿದ್ದೆ?

ಅಕ್ಕ